ಈ ಚಾವಿ ಯಾರದು?

ಬಳೆ ಎರಡು ಸಲ ಮಿಡಿಯಿತು. ದಾಕ್ಷಾಯಣಿ ಹೂಗಾರ ಕೈಯಲ್ಲಿದ್ದ ಕತ್ತರಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸೀರೆಗೆ ಫಾಲ್ ಹಚ್ಚಿಸಲು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸಿಗೆ, "ಸ್ವಲ್ಪ ಕೂಡ್ರಿ ಅಕ್ಕಾರ, ನನಗ ಬರಾಕತ್ತೈತಿ," ಎಂದಳು.

"ಏನ ಬರಾಕತ್ತೈತವಾ?"

"ಫಿಟ್ಸ್ ರೀ. ಹೆದರಬ್ಯಾಡ್ರಿ. ನಿಮ್ಮ ಸೀರಿ ಆಮ್ಯಾಲ ಕೊಡತೀನಿ."

ಹೆಂಗಸು ಎದ್ದು ನಿಲ್ಲುವಷ್ಟರಲ್ಲಿ ದಾಕ್ಷಾಯಣಿ ಹೊಲಿಗೆ ಯಂತ್ರದಿಂದ ದೂರ ಸರಿದು ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿದ್ದಳು. ಯಂತ್ರದ ಮೋಟಾರು ತಾನಾಗಿ ನಿಂತಿತು. ಮೂಲೆಯಲ್ಲಿ ಚಹಾ ಕಾಯುತ್ತಿದ್ದ ಕರೆಂಟಿನ ಒಲೆ ಆರಿತು. ಅವಳ ಕೊರಳ ಸುತ್ತ ಮಡಿಸಿದ ಟವೆಲ್ಲಿನಂತೆ ಕಾಣುತ್ತಿದ್ದ ಪಟ್ಟಿ ಗಾಳಿ ತುಂಬಿಕೊಂಡು ಉಬ್ಬಿ, ತಲೆಯನ್ನು ಮೂರೂ ಕಡೆಯಿಂದ ಹಿಡಿದುಕೊಂಡಿತು. ಅನಂತರ ಸೆಳವು ಬಂತು. ಮೈ ಸೆಟೆದು ಕೈಕಾಲು ಬಡಿಯತೊಡಗಿದವು. ತಲೆ ಮಾತ್ರ ಗಾಳಿಯ ಮೆತ್ತೆಯಲ್ಲಿ ಅಲುಗಾಡಿತೇ ಹೊರತು ನೆಲಕ್ಕೆ ತಾಗಲಿಲ್ಲ.

ಬಳೆ ಮಾತನಾಡಿತು. ಸ್ಪಷ್ಟವಾದ, ತಿದ್ದಿ ತೀಡಿದ ಧ್ವನಿ: "ಗಮನಿಸಿ. ಇವರು ಅಪಸ್ಮಾರದ ಆಘಾತಕ್ಕೆ ಒಳಗಾಗಿದ್ದಾರೆ. ದೂರ ಸರಿಯಿರಿ. ಸ್ಪರ್ಶಿಸಬೇಡಿ. ನೆರವು ಬರುತ್ತಿದೆ."

ಹೆಂಗಸು ದೂರ ಸರಿದಳು. ಸೆಳವು ನಿಂತಿತು. ಆಂಬುಲೆನ್ಸ್ ಬಂದು ನೋಡಿ, ಏನೂ ಆಗಿಲ್ಲವೆಂದು ವಾಪಸ್ಸು ಹೋಯಿತು. ಸಂಜೆಯೊಳಗೆ ಸೀರೆಯ ಫಾಲ್ ಮುಗಿದಿತ್ತು.

ಇದು ಮುನ್ಸೂಚಕ ಬಳೆ. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಡಾಕ್ಟರ್ ಅನಸೂಯಾ ಶೇಷಗಿರಿ ಮತ್ತು ಅವರ ಜೊತೆಗಾರರು ಇದನ್ನು ರೂಪಿಸಿದ್ದರು. ಜನರಿಗೆ ವಿವರಿಸುವಾಗ ಅನಸೂಯಾ ಸಂತೆಯ ಉದಾಹರಣೆ ಕೊಡುತ್ತಿದ್ದರು. ಮಿದುಳಿನ ನರಕೋಶಗಳು ಸಂತೆಗೆ ಬಂದ ಜನರಿದ್ದಂತೆ. ಎಲ್ಲರೂ ಮಾತನಾಡುತ್ತಿರುತ್ತಾರೆ, ಒಬ್ಬೊಬ್ಬರದು ಒಂದೊಂದು ಮಾತು. ಹಾಗಿದ್ದರೇ ಸಂತೆ. ಇದ್ದಕ್ಕಿದ್ದಂತೆ ಎಲ್ಲರೂ ಒಂದೇ ಶಬ್ದವನ್ನು ಒಂದೇ ಲಯದಲ್ಲಿ ಕೂಗತೊಡಗಿದರೆ ವ್ಯಾಪಾರ ನಿಂತುಹೋಗುತ್ತದೆ. ಸೆಳವು ಎಂದರೆ ಅಷ್ಟೆ. ಆ ಒಕ್ಕೊರಲ ಕೂಗು ಶುರುವಾಗುವ ಮೊದಲು ಸಣ್ಣ ಗುಂಪೊಂದು ಗುನುಗತೊಡಗಿರುತ್ತದೆ. ಕಿವಿಯ ಹಿಂದೆ ಅಂಟಿಸಿದ, ಹುಣಸೆಬೀಜದಷ್ಟು ಗಾತ್ರದ ಗ್ರಾಹಕ ಅದನ್ನು ಕೇಳಿಸಿಕೊಂಡು ಬಳೆಗೆ ತಿಳಿಸುತ್ತದೆ. ನಾಡಿ, ಬೆವರು, ಚರ್ಮದ ಬಿಸಿ ಇವುಗಳನ್ನು ಬಳೆಯೇ ನೋಡಿಕೊಳ್ಳುತ್ತದೆ. ಎರಡೂ ಹೊಂದಿಕೆಯಾದರೆ ಎಚ್ಚರಿಕೆ. ಸಾಮಾನ್ಯವಾಗಿ ಮೂರು ನಾಲ್ಕು ನಿಮಿಷ ಮೊದಲೇ.

ಮೂರು ನಿಮಿಷ ಎಂದರೆ ಕತ್ತರಿ ಕೆಳಗಿಡಬಹುದು, ಮೆಟ್ಟಿಲಿಂದ ಇಳಿಯಬಹುದು, ಒಲೆಯ ಮುಂದಿನಿಂದ ಏಳಬಹುದು. ಸೆಳವು ಬರುವುದನ್ನು ಬಳೆ ತಡೆಯುತ್ತಿರಲಿಲ್ಲ. ಎಲ್ಲಿ ಬೀಳಬೇಕೆಂಬುದನ್ನು ಮಾತ್ರ ಬಿದ್ದವರ ಕೈಗೆ ಕೊಡುತ್ತಿತ್ತು.

ದಾಕ್ಷಾಯಣಿಗೆ ಅದು ದೊಡ್ಡದು. ಒಂಬತ್ತನೇ ವಯಸ್ಸಿನಿಂದ ಅವಳು ತಾನು ಆರಿಸದ ಜಾಗಗಳಲ್ಲಿ ಬೀಳುತ್ತ ಬಂದಿದ್ದಳು. ಬಲ ಮುಂಗೈಯ ಮೇಲೆ ಹಂಚಿನಿಂದಾದ ಸುಟ್ಟ ಕಲೆಯಿತ್ತು. ಎಡ ತೋರುಬೆರಳಿನ ಉಗುರಿನ ಮೂಲಕ ಯಂತ್ರದ ಸೂಜಿ ಹಾದು ಹೋಗಿತ್ತು. ಬಲಭುಜ ಎರಡು ಸಲ ಕಳಚಿತ್ತು. ಅದು ಬಿದ್ದದ್ದರಿಂದ ಅಲ್ಲ, ಅವಳನ್ನು ಅಲುಗದಂತೆ ಹಿಡಿಯಬೇಕೆಂದು ನಾಲ್ಕು ಜನ ಅದುಮಿ ಕುಳಿತದ್ದರಿಂದ. ಮೇಲಿನ ಮುಂದಿನ ಹಲ್ಲಿನಲ್ಲಿ ಅರ್ಧ ಮಾತ್ರ ಉಳಿದಿತ್ತು. ನಾಲಿಗೆ ಕಚ್ಚಿಕೊಳ್ಳಬಾರದೆಂದು ಸೋದರತ್ತೆಯೊಬ್ಬರು ಬಾಯಿಗೆ ಸ್ಟೀಲ್ ಚಮಚ ತುರುಕಿದ್ದರು. ಆಕೆ ದಾಕ್ಷಾಯಣಿಯನ್ನು ಬಹಳ ಪ್ರೀತಿಸುತ್ತಿದ್ದಾಕೆ.

ಇಂಥ ಪ್ರಕರಣಗಳನ್ನು ನೋಡಿಯೇ ಅನಸೂಯಾ ಬಳೆಗೆ 'ಸ್ಪರ್ಶಿಸಬೇಡಿ' ಎಂದು ಹೇಳಿಕೊಟ್ಟಿದ್ದರು. ಬಿದ್ದು ಆಗುವ ಪೆಟ್ಟುಗಳಲ್ಲಿ ಒಂದು ಪಾಲು ನೆಲದ್ದು, ಇನ್ನೊಂದು ಪಾಲು ಸುತ್ತಲಿನವರ ಕೈಗಳದು ಎಂಬುದು ಅವರಿಗೆ ಖಚಿತವಾಗಿತ್ತು. ಜನ ನೀರೆರಚುತ್ತಿದ್ದರು, ಈರುಳ್ಳಿ ಹಿಸುಕಿ ಮೂಗಿಗೆ ಹಿಡಿಯುತ್ತಿದ್ದರು, ಚಪ್ಪಲಿ ಮೂಸಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಕೈಯಲ್ಲಿ ಕಬ್ಬಿಣ ಇಡುತ್ತಿದ್ದರು, ಅಂದರೆ ಕೀಲಿಕೈ. ಮುಖ ನೋಡಿ ತೆರೆಯುವ ಬಾಗಿಲುಗಳು ಬಂದು ಎಷ್ಟೋ ಕಾಲವಾಗಿದ್ದರೂ ಹುಬ್ಬಳ್ಳಿಯ ವರ್ತಕರು ಶಟರುಗಳಿಗೆ ಇನ್ನೂ ಬೀಗವನ್ನೇ ನಂಬಿದ್ದರು. ಹಾಗಾಗಿ ಪ್ರತಿಯೊಬ್ಬರ ಸೊಂಟದಲ್ಲೋ ಜೇಬಿನಲ್ಲೋ ಒಂದು ಗೊಂಚಲು ಇರುತ್ತಿತ್ತು. ಯಾರಾದರೂ ಬಿದ್ದು ಒದ್ದಾಡುತ್ತಿದ್ದರೆ ಮೊದಲು ಕೇಳಿಬರುವ ಮಾತು, "ಚಾವಿ ಕೊಡ್ರಿ, ಕೈಯಾಗ ಚಾವಿ ಕೊಡ್ರಿ!"

"ಶುದ್ಧ ಮೂಢನಂಬಿಕೆ," ಎನ್ನುತ್ತಿದ್ದರು ಅನಸೂಯಾ. "ಸೆಳವು ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ. ಚಾವಿಗೆ ಹೆಸರು ಬರುತ್ತೆ."

ಬಳೆ ಬಂದಮೇಲೆ ದಾಕ್ಷಾಯಣಿ ಬಟ್ಟೆ ಅಂಗಡಿಗಳ ಓಣಿಯಲ್ಲಿ ಈ ಸಣ್ಣ ಮಳಿಗೆ ಹಿಡಿದಳು. ಫಾಲ್, ಪಿಕೋ, ಕುಚ್ಚು. ಮನೆಯಿಂದ ಒಬ್ಬಳೇ ನಡೆದು ಬರುತ್ತಿದ್ದಳು, ಒಬ್ಬಳೇ ಹೋಗುತ್ತಿದ್ದಳು. ಅದಕ್ಕೂ ಮೊದಲು ಅಣ್ಣ ವಿರೂಪಾಕ್ಷ ಜೊತೆಗಿಲ್ಲದೆ ಅವಳು ಹೊಸ್ತಿಲು ದಾಟಿದವಳಲ್ಲ. ಗುಡಿಯ ಮುಂದೆ ಹೂವು ಮಾರುತ್ತಿದ್ದ ಅವನು ಒಂದು ವರ್ಷ ನಿಶ್ಚಿಂತೆಯಿಂದ ಹೂವು ಮಾರಿದ.

ಶ್ರಾವಣದಲ್ಲಿ ಅಂಗಡಿಗೆ ಕೆಲಸ ಬಹಳ. ನಾಲ್ಕು ದಿನ ದಾಕ್ಷಾಯಣಿ ನಿದ್ದೆ ಸರಿಯಾಗಿ ಮಾಡಲಿಲ್ಲ. ಐದನೆಯ ದಿನ ಮಧ್ಯಾಹ್ನ ಊಟಕ್ಕೆಂದು ಹೊರಟಾಗ ಸೆಳವು ಅವಸರದಲ್ಲಿ ಬಂತು. ಬಳೆ ಮಿಡಿದದ್ದಕ್ಕೂ ಅವಳು ಬಿದ್ದದ್ದಕ್ಕೂ ನಡುವೆ ನಾಲ್ಕು ಹೆಜ್ಜೆಯ ಅವಕಾಶವೂ ಇರಲಿಲ್ಲ. ಓಣಿಯ ನಡುವೆ, ಆಗತಾನೆ ನಿಂತ ಮಳೆಯ ನೀರಿನಲ್ಲಿ ಅಂಗಾತ ಬಿದ್ದಳು. ಗಾಳಿಪಟ್ಟಿ ತನ್ನ ಕೆಲಸ ಮಾಡಿತು. ತಲೆಗೆ ಪೆಟ್ಟಾಗಲಿಲ್ಲ.

ಎದುರು ಅಂಗಡಿಯ ಇಮಾಮಸಾಬ ಕಿಲ್ಲೇದಾರ ಹಗ್ಗ, ತಾಡಪತ್ರಿಯ ವ್ಯಾಪಾರಿ. ಅರವತ್ತು ದಾಟಿದ ಆಸಾಮಿ. ಅವಳು ಬಿದ್ದದ್ದನ್ನು ನೋಡಿ ಸೊಂಟದಿಂದ ಚಾವಿ ಗೊಂಚಲನ್ನು ಕಿತ್ತುಕೊಂಡೇ ಓಡಿಬಂದ. ಇನ್ನೂ ಎರಡು ಮಾರು ದೂರವಿದ್ದಾಗ ಬಳೆ ಕೂಗಿತು.

ಮಳೆನೀರು ಸೋರುವ ಸದ್ದು, ಆಟೋಗಳ ಹಾರ್ನು. ಪೂರ್ತಿ ವಾಕ್ಯ ಯಾರಿಗೂ ಕೇಳಲಿಲ್ಲ. ಕೇಳಿದ್ದು ಎರಡೇ ಮಾತು: ಆಘಾತ, ಸ್ಪರ್ಶಿಸಬೇಡಿ.

ಇಮಾಮಸಾಬ ನಿಂತ. ಆ ಎರಡು ಮಾತುಗಳನ್ನು ಅವನು ಓಣಿಯ ತುದಿಯ ಟ್ರಾನ್ಸ್‌ಫಾರ್ಮರಿನ ಮೇಲೆ, ತಲೆಬುರುಡೆಯ ಚಿತ್ರದ ಕೆಳಗೆ ದಿನಾ ಓದುತ್ತಿದ್ದ. ಕಣ್ಣೆತ್ತಿ ನೋಡಿದ. ಮೇಲೆ ಬಟ್ಟೆ ಒಣಹಾಕುವ ದಾರದಂತೆ ಹತ್ತಾರು ವೈರುಗಳು ಜೋತಾಡುತ್ತಿದ್ದವು. ಕೆಳಗೆ ನೀರು. ನೀರಿನಲ್ಲಿ ಹುಡುಗಿ ನಡುಗುತ್ತಿದ್ದಾಳೆ.

"ಕರೆಂಟ್!" ಎಂದು ಕೂಗಿದ. "ಯಾರೂ ಮುಟ್ಟಬ್ಯಾಡ್ರೋ! ಕರೆಂಟ್ ಹಿಡದೈತಿ! ಕಟಗಿ ತರ್ರಿ, ಒಣಾ ಕಟಗಿ!"

ಓಣಿ ಅವನ ಮಾತು ಕೇಳಿತು. ಮೇನ್ ಸ್ವಿಚ್ ಆರಿಸಲು ಒಬ್ಬ ಓಡಿದ. ರಬ್ಬರ್ ಚಪ್ಪಲಿ ಹಾಕಿದವರು ಮುಂದೆ, ಉಳಿದವರು ಕಟ್ಟೆಗಳ ಮೇಲೆ. ತಾಡಪತ್ರಿ ಎತ್ತುವ ಬಿದಿರಿನ ಗಳ ಬಂತು. ಅದರಿಂದ ಅವಳನ್ನು ನೀರಿನಿಂದ ಆಚೆಗೆ ದೂಡಿದರು. ಸೆಳವು ನಿಂತು ಮೈ ಸಡಿಲಾದಾಗ ಕರೆಂಟು ಬಿಟ್ಟಿತೆಂದು ನಿಟ್ಟುಸಿರು ಬಿಟ್ಟರು. ಆದರೂ ಯಾರೂ ಹತ್ತಿರ ಹೋಗಲಿಲ್ಲ, ಏಕೆಂದರೆ ಬಳೆ ಇನ್ನೂ ಸ್ಪರ್ಶಿಸಬೇಡಿ ಎನ್ನುತ್ತಲೇ ಇತ್ತು.

ಅವಳು ಅಂಗಾತವೇ ಇದ್ದಳು. ಬಾಯಿಯ ನೊರೆ ಮತ್ತು ವಾಂತಿ ಹೊರಗೆ ಬರಲು ದಾರಿಯಿಲ್ಲದೆ ಒಳಗೆ ಇಳಿದವು. ಒಬ್ಬರು ಅವಳನ್ನು ಮಗ್ಗುಲಿಗೆ ಹೊರಳಿಸಿದ್ದರೆ ಸಾಕಾಗಿತ್ತು. ಓಣಿಯ ಜನ ಸುತ್ತ ನಿಂತು, ಪ್ರಾಮಾಣಿಕವಾಗಿ, ಆಂಬುಲೆನ್ಸಿಗಾಗಿ ಕಾದರು.

ಶ್ವಾಸಕೋಶಕ್ಕೆ ಸೋಂಕು ತಗಲಿತ್ತು. ಪಕ್ಕೆಲುಬೊಂದು ಗಳದ ತುದಿಯಿಂದ ಬಿರುಕು ಬಿಟ್ಟಿತ್ತು. ಮೂರು ದಿನ ಅವಳಿಗೆ ಉಸಿರಾಟದ ಯಂತ್ರ ಹಚ್ಚಿದ್ದರು. ಅದೇ ವಾರ ಪ್ರಯೋಗಾಲಯದ ಗಣಕ ಬಳೆಯ ಮಾಹಿತಿಯನ್ನು ತಾನಾಗಿ ಪರಿಶೀಲಿಸಿ ಫಲಿತಾಂಶ ನಮೂದಿಸಿತು: ತಲೆಗೆ ಪೆಟ್ಟಿಲ್ಲ. ಸುಟ್ಟಗಾಯವಿಲ್ಲ. ಪರರ ಹಸ್ತಕ್ಷೇಪವಿಲ್ಲ. ಯಶಸ್ವಿ.

ಅನಸೂಯಾ ಮೈಸೂರಿನಿಂದ ಬಂದಾಗ ದಾಕ್ಷಾಯಣಿ ವಾರ್ಡಿನಲ್ಲಿ ದಿಂಬಿಗೆ ಒರಗಿ ಕುಳಿತಿದ್ದಳು. ವಿರೂಪಾಕ್ಷ ಕಿಟಕಿಯ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಇಮಾಮಸಾಬ ಬಾಗಿಲ ಬಳಿ, ಒಳಗೆ ಬರಲೋ ಬೇಡವೋ ಎಂಬಂತೆ.

"ಕರೆಂಟ್ ಅಂತ ಹೇಗೆ ಅಂದ್ಕೊಂಡ್ರಿ ನೀವು?" ಎಂದು ಅನಸೂಯಾ ಕೇಳಿದರು. "ಅಪಸ್ಮಾರ ಅಂತ ಬಳೆ ಸ್ಪಷ್ಟವಾಗಿ ಹೇಳುತ್ತಲ್ಲ."

"ಹಂಗಂದ್ರ ಏನ್ರಿ?" ಎಂದ ಇಮಾಮಸಾಬ.

"ಫಿಟ್ಸ್."

"ಹಂಗಂತ ಹೇಳಬೇಕಿತ್ತಿಲ್ರಿ ಮತ್ತ. ಆಘಾತ ಅಂತು, ಸ್ಪರ್ಶ ಅಂತು ಆ ಬಳಿ. ನಮ್ಮ ಓಣ್ಯಾಗ ಸ್ಪರ್ಶ ಅನ್ನೂದು ಬರೇ ಕೆ.ಇ.ಬಿ. ಅವರು. ನಾವು ಮುಟ್ಟತೇವಿ, ಹಿಡೀತೇವಿ, ಕೈ ಹಚ್ಚತೇವಿ. ಸ್ಪರ್ಶಾ ಮಾಡಂಗಿಲ್ಲ."

ದಾಕ್ಷಾಯಣಿ ನಕ್ಕಳು. ಪಕ್ಕೆ ಚುಚ್ಚಿ ಕೆಮ್ಮು ಬಂತು.

"ನಗೂದು ಸಾಕು," ಎಂದ ವಿರೂಪಾಕ್ಷ. "ಮೇಡಂ, ಬಳಿ ನೀವ ತುಗೊಂಡ ಹೋಗ್ರಿ. ಅಂಗಡಿ ಬಾಗಲಾ ಹಾಕಸ್ತೀನಿ. ಇಕಿ ಮನ್ಯಾಗ ಇರ್ಲಿ. ಒಲಿ ಮುಂದ ಬ್ಯಾಡ, ಮಷೀನ್ ಬ್ಯಾಡ, ನೀರ ಸೇದೂದು ಬ್ಯಾಡ. ಸುಮ್ಮ ಕೂಡ್ರಲಿ, ಜೀವಂತ ಇರ್ಲಿ."

"ಹೂವಿನ ಕುಂಡಾ ಇಟ್ಟಂಗ ಇಡತೀ ಏನಣ್ಣಾ?" ಎಂದಳು ದಾಕ್ಷಾಯಣಿ. "ದಿನಾ ನೀರರ ಹಾಕತಿಯಿಲ್ಲೋ?"

ಅವನು ಹೊರಗೆ ಹೋದ. ಅವನು ಹೇಳಿದ್ದನ್ನು ಮಾಡುವವನೆಂದು ಅವಳಿಗೆ ಗೊತ್ತಿತ್ತು.

ಅನಸೂಯಾ ಸ್ಟೂಲು ಎಳೆದುಕೊಂಡು ಕುಳಿತರು. ಪ್ರಶ್ನೆ ಕೇಳುವುದು ಅವರ ಕೆಲಸ. ನೋವು ಎಲ್ಲಿ, ಎಚ್ಚರಿಕೆ ಯಾವಾಗ ಬಂತು, ಎದ್ದ ಮೇಲೆ ಮೊದಲು ಏನು ನೆನಪು, ಎಂದು ಒಂದೊಂದಾಗಿ ಕೇಳಿದರು.

"ಎದ್ದಾಗ ಕೈಯಾಗ ಏನೂ ಇರಲಿಲ್ರಿ," ಎಂದಳು ದಾಕ್ಷಾಯಣಿ.

"ಅಂದರೆ?"

"ಬಳಿ ಹಾಕೂಕಿಂತ ಮೊದಲ ರಸ್ತೇದಾಗ ಬಿದ್ದರ ಎದ್ದಾಗ ಕೈಯಾಗ ಚಾವಿ ಇರತಿತ್ತು. ಯಾರದೋ. ಒಮ್ಮೆ ಸೈಕಲ್ಲಿಂದು, ಒಮ್ಮೆ ಟ್ರಂಕಿಂದು. ಒಮ್ಮೆ ಪೊಲೀಸರ ಜೀಪಿಂದು." ಅವಳು ಅಂಗೈ ನೋಡಿಕೊಂಡಳು. "ಎದ್ದ ಕೂಡ್ಲೆ ಏನೂ ತಿಳಿಯಂಗಿಲ್ರಿ ಮೇಡಂ. ನಾ ಯಾರು, ಯಾವೂರು, ಮುಂಜಾನೋ ಸಂಜಿಯೋ. ಚಾವಿ ಬಿಸಿ ಇರತಿತ್ತು. ಯಾರೋ ಬಂದಿದ್ರು ಅಂತ ಅಷ್ಟ ತಿಳೀತಿತ್ತು. ಈ ಚಾವಿ ಯಾರದು ಅಂತ ಕೇಳತಿದ್ದೆ. ಅದ ನನ್ನ ಮೊದಲ ಮಾತು ಪ್ರತಿ ಸಲ. ಬಳಿ ಬಂದ ಮ್ಯಾಲ ಎದ್ದರ ಜನ ದೂರ ಗೋಲಾಗಿ ನಿಂತಿರತಾರ. ಸರ್ಕಸ್ ನೋಡಿದಂಗ."

"ಆದರೆ ಕಬ್ಬಿಣದಿಂದ ಸೆಳವು ನಿಲ್ಲಲ್ಲಮ್ಮ."

"ಅದು ನನಗೂ ಗೊತ್ತೈತ್ರಿ. ನಾನೂ ಓದೀನಿ."

"ನಿಲ್ಲತೈತಿ," ಎಂದ ಇಮಾಮಸಾಬ ಬಾಗಿಲಿನಿಂದ. "ನಾ ಕೊಟ್ಟಾಗೆಲ್ಲಾ ನಿಂತೈತಿ."

ಅನಸೂಯಾ ವಾದಿಸಲಿಲ್ಲ. ಮೈಸೂರಿಗೆ ಮರಳುವ ರೈಲಿನಲ್ಲಿ ಒಂದೇ ವಿಷಯ ಅವರ ತಲೆಯಲ್ಲಿ ಸುತ್ತುತ್ತಿತ್ತು. ಜನರ ಕೈಗಳನ್ನು ದೂರವಿಡಲು ಅವರು ಶ್ರಮಿಸಿದ್ದರು, ಕೈಗಳು ದೂರ ಹೋಗಿದ್ದವು. ಹತ್ತಿರ ಬಂದ ಕೈಗೆ ಚಮಚವನ್ನಲ್ಲದೆ ಬೇರೆ ಏನನ್ನಾದರೂ ಕೊಡಬೇಕಿತ್ತು. ಇಮಾಮಸಾಬ ಓಡಿಬರುವಾಗಲೇ ಆ ಬೇರೆ ಏನನ್ನೋ ಕೈಯಲ್ಲಿ ಹಿಡಿದುಕೊಂಡು ಬಂದಿದ್ದ.

ಬಳೆಯನ್ನು ಬದಲಾಯಿಸುವುದು ಕಷ್ಟವಾಗಲಿಲ್ಲ. ಅದು ಮೊದಲಿನಿಂದಲೂ ಚರ್ಮದ ಮೂಲಕ ಬಹಳ ಸಣ್ಣ ವಿದ್ಯುತ್ ಸಂಕೇತವನ್ನು ಹರಿಸಿ ಬೆವರನ್ನು ಅಳೆಯುತ್ತಿತ್ತು. ಅಂಗೈಯಲ್ಲಿ ಲೋಹದ ವಸ್ತು ಇಟ್ಟರೆ ಆ ಸಂಕೇತ ಬದಲಾಗುತ್ತದೆ. ಬದಲಾದರೆ ಯಾರೋ ಹತ್ತಿರ ಬಂದಿದ್ದಾರೆ ಎಂದು ಅರ್ಥ. ಆಗ ಬಳೆ ಕೂಗುವುದನ್ನು ನಿಲ್ಲಿಸಿ, ಬಂದವರಿಗೆ ಏನು ಮಾಡಬೇಕೆಂದು ಹೇಳಿಕೊಡಬಹುದು. ಲೋಹ ಕೈಯಲ್ಲಿರುವ ತನಕ ಜೊತೆಗೆ ಒಬ್ಬರಿದ್ದಾರೆ. ಸೆಳವು ಉದ್ದವಾದರೆ ಮಾತ್ರ ಆಂಬುಲೆನ್ಸ್. ಬಿದ್ದವರು ಏಳುವ ಮೊದಲೇ ಲೋಹ ಕೈಬಿಟ್ಟಿತೋ, ಜೊತೆಗಿದ್ದವರು ಹೊರಟುಹೋದರು ಎಂದರ್ಥ. ಬಳೆ ಮತ್ತೆ ಕೂಗಬೇಕು. ಪ್ರಯೋಗಾಲಯದ ಸಮಿತಿ ಒಂದು ದಿನವಿಡೀ ಚರ್ಚಿಸಿತು. ವಿಜ್ಞಾನಿಗಳೇ ಚಾವಿ ಇಡಿ ಎಂದು ಹೇಳಿದರೆ ಜನ ಏನೆಂದಾರು ಎಂಬುದು ಅವರ ಚಿಂತೆ. ಕೊನೆಗೆ ವರದಿಯಲ್ಲಿ ಇದನ್ನು 'ಲೋಹಸ್ಪರ್ಶ ಸಂಜ್ಞೆ' ಎಂದು ಬರೆದರು. ಚಾವಿ ಎಂಬ ಮಾತು ಅದರಲ್ಲಿ ಎಲ್ಲೂ ಬರಲಿಲ್ಲ.

ಕಷ್ಟವಾದದ್ದು ಧ್ವನಿ.

ಓಣಿಯ ಭಾಷೆಯಲ್ಲಿ, ಬಿದ್ದವರದೇ ಧ್ವನಿಯಲ್ಲಿ ಹೇಳಿಸಿದರೆ ಜನ ಹೆದರುವುದಿಲ್ಲ ಎಂದು ಅನಸೂಯಾ ಊಹಿಸಿದರು. ದಾಕ್ಷಾಯಣಿ ಧ್ವನಿಮುದ್ರಣ ಮಾಡಿಕೊಟ್ಟಳು: "ನಾ ದಾಕ್ಷಾಯಣಿ. ನನಗ ಫಿಟ್ಸ್ ಬಂದೈತಿ. ಹತ್ರ ಬರ್ರಿ, ಕೈಯಾಗ ಚಾವಿ ಕೊಡ್ರಿ." ಅಂಗಡಿಗೆ ಹೋಗಲು ಅಣ್ಣ ಇನ್ನೂ ಒಪ್ಪಿರಲಿಲ್ಲ. ಮನೆಯ ಹತ್ತಿರದ ನಲ್ಲಿಯ ಬಳಿ ಸೆಳವು ಬಂತು. ಎಚ್ಚರವಾದಾಗ ಅವಳ ಹಣೆಯ ತುಂಬ ಕುಂಕುಮವಿತ್ತು. ಕಾಲ ಬಳಿ ತೆಂಗಿನಕಾಯಿ. ಕೈಯಲ್ಲಿ ಚಾವಿಯ ಬದಲು ಬೇವಿನ ಸೊಪ್ಪು. ಹೆಂಗಸೊಬ್ಬಳು ಕೈಮುಗಿದು ಕುಳಿತಿದ್ದಳು.

"ಮಾತಾಡ ತಾಯಿ. ನಮ್ಮ ಹುಡುಗಿ ಮದುವಿ ಯಾವಾಗ ಆಕ್ಕತಿ?"

ತುಟಿ ಅಲುಗದೆ ಅವಳದೇ ಧ್ವನಿ ಬಂದದ್ದನ್ನು ಎಲ್ಲರೂ ಕೇಳಿದ್ದರು. ಅನಸೂಯಾ ಇದನ್ನು ಫೋನಿನಲ್ಲಿ ಕೇಳಿಸಿಕೊಂಡರು.

"ನೀವೇನಂದ್ರಿ ಆ ಹೆಂಗಸಿಗೆ?"

"ದೀಪಾವಳಿ ಆದ ಮ್ಯಾಲ ಅಂದೆ. ಪಾಪ, ಅಷ್ಟ ದೂರದಿಂದ ನೀರಿಗೆ ಬಂದಿದ್ಲು."

ಕೊನೆಗೆ ಧ್ವನಿ ಕೊಟ್ಟವನು ಇಮಾಮಸಾಬ. ಅವನಿಗೆ ಕಾಗದದಲ್ಲಿ ಬರೆದುಕೊಟ್ಟದ್ದನ್ನು ಸಹಜವಾಗಿ ಓದಲು ಬರಲಿಲ್ಲ. ಓದಿದರೆ ಶಾಲೆಯ ಹುಡುಗನಂತೆ ಕೇಳುತ್ತಿತ್ತು. ಕಾಗದ ಕಿತ್ತುಕೊಂಡು, ಓಣಿಯಲ್ಲಿ ಅವಳು ಬಿದ್ದಿದ್ದಾಳೆ, ಜನ ಸೇರಿದ್ದಾರೆ, ನೀವು ಬರಲು ತಡವಾಗುತ್ತದೆ, ಅವರಿಗೆ ಕೂಗಿ ಹೇಳಿ ಎಂದರು ಅನಸೂಯಾ. ಆಗ ಅವನ ಗಂಟಲು ಬಿಚ್ಚಿತು. ಬಳೆಗೆ ಹಾಕಿದ್ದು ಅದನ್ನೇ. ಚಾವಿಯ ಏರ್ಪಾಡು ಬೇರೆ ಊರುಗಳ ಬಳೆಗಳಿಗೂ ಹೋಯಿತು.

ಸಂಕ್ರಾಂತಿ ಕಳೆದ ಮೇಲೆ ಅವಳು ಅಂಗಡಿ ತೆರೆದಳು. ಮೊದಮೊದಲು ವಿರೂಪಾಕ್ಷ ಬೆಳಿಗ್ಗೆ ಬಿಟ್ಟುಹೋಗಿ ಸಂಜೆ ಕರೆದೊಯ್ಯುತ್ತಿದ್ದ. ಓಣಿಯಲ್ಲಿ ಎರಡು ಸಲ ಸೆಳವು ಬಂತು. ಎರಡು ಸಲವೂ ಚಾವಿ ಬಂತು, ಮಗ್ಗುಲಿಗೆ ಹೊರಳಿಸಿದರು, ಬಾಯಿ ಒರೆಸಿದರು. ಅವನಿಗೆ ಅದು ಸಾಲದು.

"ಓಣಿ ಮಂದಿ ಗುರ್ತಿನವ್ರು," ಎಂದ. "ಪರವೂರಾಗ ಯಾರ ಅದಾರ ನಿನಗ? ಕೈಯಾಗ ಚಾವಿ ಇಟ್ಟು ತಮ್ಮ ದಾರಿ ತಾವು ಹಿಡೀತಾರ."

ಗದಗಿನಲ್ಲಿ ಒಬ್ಬರು ತಮ್ಮ ಹಳೆಯ ಪಿಕೋ ಯಂತ್ರವನ್ನು ಮಾರುವವರಿದ್ದರು. ನೋಡಿ ಬರಬೇಕಿತ್ತು. ಒಬ್ಬಳೇ ಹೋಗುತ್ತೇನೆಂದು ದಾಕ್ಷಾಯಣಿ ಪಟ್ಟು ಹಿಡಿದಳು. ಏನೇ ಆದರೂ ಮಧ್ಯಾಹ್ನದೊಳಗೆ ಫೋನು ಮಾಡಬೇಕು, ಬರದಿದ್ದರೆ ಅದೇ ಕೊನೆಯ ಪ್ರಯಾಣ ಎಂದ ಅವನು. ಅವಳು ಒಪ್ಪಿದಳು.

ಗದಗಿನ ನಿಲ್ದಾಣದಿಂದ ಹೊರಬಿದ್ದು ಸ್ವಲ್ಪ ನಡೆದಿದ್ದಳು. ಬಳೆ ಮಿಡಿಯಿತು. ಬೇಲಿಯಾಚೆ ಬೇವಿನ ಮರವೊಂದರ ಕಟ್ಟೆ ಕಂಡಿತು. ಅಲ್ಲಿಗೆ ಹೋಗಿ ನೆಲದ ಮೇಲೆ ಮಗ್ಗುಲಾದಳು. ಅಲ್ಲಿಂದ ಮುಂದಿನದನ್ನು ಅವಳು ತಿಳಿದದ್ದು ಆಮೇಲೆ, ಹತ್ತು ಜನ ಒಟ್ಟಿಗೇ ಮಾತನಾಡಿ ಹೇಳಿದ್ದರಿಂದ.

ಮೊದಲು ಬಂದವನು ಈರಣ್ಣ ಮೆಣಸಿನಕಾಯಿ ಎಂಬ ಮನುಷ್ಯ. ಪಕ್ಕದ ಕಲ್ಯಾಣಮಂಟಪದಲ್ಲಿ ಅವನ ತಂಗಿಯ ಮಗಳ ಮದುವೆ. ವೀಳ್ಯದೆಲೆ ತರಲು ಹೊರಗೆ ಬಂದಿದ್ದ. ಬಳೆ ಇಮಾಮಸಾಬನ ಧ್ವನಿಯಲ್ಲಿ, "ಏ, ಯಾರರ ಬರ್ರಿ ಇಲ್ಲೆ! ಫಿಟ್ಸ್ ಬಂದೈತಿ, ಕೈಯಾಗ ಚಾವಿ ಕೊಡ್ರಿ!" ಎಂದು ಕೂಗಿದಾಗ ಅವನು ಯೋಚಿಸಲಿಲ್ಲ. ಅವನ ಹತ್ತಿರ ಒಂದೇ ಚಾವಿಯಿತ್ತು. ಗೇಣುದ್ದದ, ಹಳೆಯ ಕಾಲದ ಚಾವಿ. ಕೊಟ್ಟ.

"ಛಲೋ ಆತು, ಬಂದ್ರಿ," ಎಂದಿತು ಬಳೆ, ದನಿ ತಗ್ಗಿಸಿ. "ಇನ್ನ ಆಕಿನ್ನ ಅದುಮಿ ಹಿಡೀಬ್ಯಾಡ್ರಿ. ಬಾಯಾಗ ಏನೂ ತುರಕಬ್ಯಾಡ್ರಿ. ನೀರ ಬ್ಯಾಡ. ಮಗ್ಗಲಕ್ಕ ಹೊಳ್ಳಸ್ರಿ. ಬಾಜೂಕ ಕೂಡ್ರಿ."

ಈರಣ್ಣ ಕೂತ. ಸೆಳವು ನಿಂತಿತು. ಅವಳು ನಿದ್ದೆಗೆ ಜಾರಿದಳು. ಇನ್ನು ಹೊರಡಬಹುದೆಂದು ಅವನು ಮೆಲ್ಲಗೆ ಚಾವಿಗೆ ಕೈಹಾಕಿದ.

"ಎಲ್ಲಿ ಹೊಂಟ್ರಿ?" ಎಂದಿತು ಬಳೆ.

ಚಾವಿಯನ್ನು ಅಲ್ಲೇ ಬಿಟ್ಟ.

ಅಷ್ಟರಲ್ಲಿ ಮಂಟಪದಿಂದ ಅವನ ಅಳಿಯ ಹುಡುಕಿಕೊಂಡು ಬಂದ, ಅವನ ಹಿಂದೆ ಅಡುಗೆಯವರು. ಗೋಧಿ ಹುಗ್ಗಿ ಒಲೆಯ ಮೇಲಿತ್ತು. ಬೆಲ್ಲ, ತುಪ್ಪ, ಬಡಿಸುವ ಸೌಟು, ಬಕೆಟ್ಟು, ಎಲ್ಲ ಉಗ್ರಾಣದಲ್ಲಿದ್ದವು. ಉಗ್ರಾಣಕ್ಕೆ ಬೀಗ. ಚಾವಿ ಬೇವಿನ ಮರದ ಕೆಳಗೆ ಅಪರಿಚಿತ ಹೆಣ್ಣುಮಗಳೊಬ್ಬಳ ಕೈಯಲ್ಲಿ.

"ತಗೀರಿ ಮಾವ, ಚಾವಿ. ಮಲಗ್ಯಾಳಲ್ಲ."

"ನೀನ ತಗಿ ನೋಡೂಣು."

ಅಳಿಯ ತೆಗೆದ. "ಎಲ್ಲಿ ಹೊಂಟ್ರಿ? ಆಕಿ ಏಳೂತನ ಚಾವಿ ಕೈಯಾಗ ಇರಬೇಕು! ಏ ಮಂದೀ, ಬರ್ರಿ ಇಲ್ಲೆ!" ಎಂದು ಬಳೆ ಇಡೀ ರಸ್ತೆಗೆ ಕೇಳುವಂತೆ ಅರಚಿತು. ಅಳಿಯ ಚಾವಿಯನ್ನು ಬಿಸಿ ಕೆಂಡದಂತೆ ವಾಪಸ್ಸು ಇಟ್ಟ.

"ಯಾರಲೇ ಅಂವಾ?" ಎಂದ ಅಡುಗೆಯ ಮುಖ್ಯಸ್ಥ, ಸುತ್ತ ನೋಡಿ.

"ಬಳಿ ಐತ್ರಿ."

"ಹುಗ್ಗಿ ತಳಾ ಹಿಡಿಯಾಕತ್ತೈತಿ ಅಂತ ಹೇಳ ಬಳಿಗೆ."

"ನೀವ ಹೇಳ್ರಿ. ನನ್ನ ಮಾತ ಕೇಳವಲ್ದು."

"ಬ್ಯಾರೆ ಚಾವಿ ಇಡ್ರಿ," ಎಂದು ಒಬ್ಬರಿಗೆ ಹೊಳೆಯಿತು. "ಅಳಿಯಂದ್ರ, ನಿಮ್ಮ ಸ್ಕೂಟರ್ ಚಾವಿ ಇಡ್ರಿ."

"ಇಟ್ಟ ಮ್ಯಾಲ ನಾ ಇಲ್ಲೆ ಕೂಡ್ರಬೇಕಲ್ಲ? ಮದುಮಕ್ಕಳ ಮ್ಯಾಲ ಅಕ್ಕಿಕಾಳ ಹಾಕೂ ಹೊತ್ತು ಆತು. ನೀವ ಇಡ್ರಿ."

"ನಾ ಹುಡುಗಿ ಕಾಕಾ ಅದೀನೋ!"

ಯಾರು ಚಾವಿ ಇಡಬೇಕೆಂಬ ಚರ್ಚೆ ನಡೆಯುತ್ತಲೇ ಇತ್ತು. ಬಿಸಿಲು ಸರಿದು ದಾಕ್ಷಾಯಣಿಯ ಮುಖದ ಮೇಲೆ ಬಂದಾಗ ಈರಣ್ಣನ ತಂಗಿ, ಮದುಮಗಳ ತಾಯಿ, ತಾನೇ ಬಂದು ಸೆರಗಿನಿಂದ ನೆರಳು ಹಿಡಿದು ನಿಂತಳು. "ಮಲಗ್ಲಿ ಬಿಡ್ರಿ, ಪಾಪ," ಎಂದಳು. "ಬೆಲ್ಲಾ ಆಮ್ಯಾಲ ಹಾಕಿದರಾತು. ಬಾಯಿ ಮುಚ್ಚಕೊಂಡ ನಿಂದರ್ರಿ."

ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತರು.

ದಾಕ್ಷಾಯಣಿಗೆ ಮೊದಲು ಬಂದದ್ದು ನಾಲಿಗೆಯ ನೋವು. ಅನಂತರ ಬೇವಿನ ಎಲೆಗಳು. ಅವುಗಳ ಕೆಳಗೆ ಒಂದು ಹಸಿರು ರೇಷ್ಮೆಯ ಸೆರಗು. ಅದರ ಕುಚ್ಚು ಸರಿಯಾಗಿ ಕಟ್ಟಿಲ್ಲ ಎಂದು ಅನಿಸಿತು. ತಾನು ಯಾರು, ಇದು ಯಾವ ಊರು, ಮಧ್ಯಾಹ್ನವೋ ಸಂಜೆಯೋ ತಿಳಿಯಲಿಲ್ಲ. ಕೈಯಲ್ಲಿ ಏನೋ ಭಾರವಾಗಿತ್ತು. ಬಿಸಿಯಾಗಿತ್ತು.

"ಈ ಚಾವಿ ಯಾರದು?" ಎಂದಳು.

"ನಮ್ದು!" ಎಂದರು ಎಲ್ಲರೂ, ಒಂದೇ ಉಸಿರಿನಲ್ಲಿ.

ಅಡುಗೆಯವರು ಚಾವಿ ಕಸಿದುಕೊಂಡು ಓಡಿದರು. ಉಳಿದವರು ನಕ್ಕರು. ಅವಳನ್ನು ಎಬ್ಬಿಸಿ ಮಂಟಪಕ್ಕೆ ಕರೆದೊಯ್ದು, ಮುಖ ತೊಳೆಸಿ, ಗೋಡೆಗೆ ಒರಗಿಸಿ ಕೂರಿಸಿದರು. ವಿರೂಪಾಕ್ಷನಿಗೆ ಫೋನು ಮಾಡಿದಾಗ ಹಿನ್ನೆಲೆಯಲ್ಲಿ ಬಾಜಾ ಬಜಂತ್ರಿ ಕೇಳುತ್ತಿತ್ತು.

"ಎಲ್ಲಿದ್ದೀ?" ಎಂದು ಕೂಗಿದ ಅವನು.

"ಮದುವ್ಯಾಗ. ಉಂಡ ಬರತೀನಿ."

"ಯಾರ ಮದುವಿ?"

"ಹೆಸರ ಕೇಳಿಲ್ಲಿನ್ನ. ಬಿದ್ದಿದ್ದೆ, ಅಣ್ಣಾ. ಎದ್ದೆ. ಮಷೀನ್ ನೋಡಕೊಂಡ ಸಂಜೀ ಗಾಡಿಗೆ ಬರತೀನಿ."

ಅವನು, "ಹುಗ್ಗಿ ಮಾಡ್ಯಾರ ಏನ?" ಎಂದು ಕೇಳಿದ.

ಮರುವಾರ ಅನಸೂಯಾ ಫೋನು ಮಾಡಿದರು. ಎಲ್ಲ ಊರುಗಳಿಂದ ಬಂದ ಬಳೆಗಳ ಮಾಹಿತಿ ಅವರ ಮುಂದಿತ್ತು. ಪೆಟ್ಟುಗಳು ಕಡಿಮೆಯಾಗಿದ್ದವು. ಅದು ಅವರು ನಿರೀಕ್ಷಿಸಿದ್ದೇ. ಅರ್ಥವಾಗದ್ದು ಇನ್ನೊಂದು. ಚಾವಿ ಇಟ್ಟವರು ಒಂದೆರಡು ನಿಮಿಷ ಇದ್ದು ಹೊರಡುತ್ತಾರೆಂದು ಅವರ ಲೆಕ್ಕವಿತ್ತು. ಆದರೆ ಎಲ್ಲ ಕಡೆಯೂ ಬಿದ್ದವರು ಎಚ್ಚರವಾಗುವ ತನಕ ಅವರು ಕದಲುತ್ತಿರಲಿಲ್ಲ. ಬಳೆಯ ಮೃದುವಾದ ಸೂಚನೆಗಳಿಂದ ನಾಗರಿಕರಲ್ಲಿ ಹೊಣೆಗಾರಿಕೆ ಬೆಳೆದಿದೆ ಎಂದು ವರದಿಯಲ್ಲಿ ಬರೆಯುವವರಿದ್ದರು.

"ಹೊಣಿಗಾರಿಕಿ ಅಲ್ರಿ ಮೇಡಂ," ಎಂದಳು ದಾಕ್ಷಾಯಣಿ. "ಚಾವಿ ಬಿಟ್ಟು ಎಲ್ಲಿಗೆ ಹೊಕ್ಕಾರ ಅವರು?"

ಅನಸೂಯಾ ನಿಧಾನವಾಗಿ, "ಇದನ್ನ ನಾವು ಯೋಚನೆ ಮಾಡಿರಲಿಲ್ಲ," ಎಂದರು. "ಜನಕ್ಕೆ ತೊಂದರೆ ಅಲ್ವಾ ಇದು? ಸರಿಪಡಿಸಬಹುದು. ಸೆಳವು ನಿಂತ ತಕ್ಷಣ ಚಾವಿ ತೆಗೆದರೂ ಬಳೆ ಸುಮ್ಮನಿರೋ ಹಾಗೆ ಮಾಡಬಹುದು. ಸಣ್ಣ ಬದಲಾವಣೆ."

"ಬ್ಯಾಡ್ರಿ."

"ಬೇಡವಾ?"

"ಇರ್ಲಿ ಬಿಡ್ರಿ. ನಾ ಏಳೂತನ ಅಷ್ಟ."

ಗದಗಿನಿಂದ ಬಂದ ಯಂತ್ರ ಕಿಟಕಿಯ ಕೆಳಗಿತ್ತು. ಗಿರಾಕಿಯೊಬ್ಬಳು ಕಟ್ಟೆಯ ಮೇಲೆ ಕಾಯುತ್ತಿದ್ದಳು. ಫೋನು ಕೆಳಗಿಟ್ಟು ದಾಕ್ಷಾಯಣಿ ಸೂಜಿಗೆ ದಾರ ಪೋಣಿಸಿದಳು. ಮದುವೆಯ ದಿನ ಆ ದೊಡ್ಡ ಚಾವಿಯ ಹಲ್ಲುಗಳ ಅಚ್ಚು ಅಂಗೈಯಲ್ಲಿ ಮೂಡಿತ್ತು. ಊಟ ಮಾಡುವಾಗ, ರೈಲಿನಲ್ಲಿ ಬರುವಾಗ, ಆಗಾಗ ಕೈ ಬಿಚ್ಚಿ ನೋಡಿದ್ದಳು. ಹುಬ್ಬಳ್ಳಿ ಬರುವ ತನಕವೂ ಇತ್ತು.